ನಿಮ್ಮೂರ ಮೇಯರ್ ಯಾರ ಮಗಳು?

ಅಮೆರಿಕದ ಬಾಸ್ಟನ್‌ನಿಂದ ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಕೇಳುತ್ತಾರೆ. ರಜೆಗೆ ಹೋದರೆ ಪಕ್ಕದ ಮನೆಯವರೂ ಕೇಳುತ್ತಾರೆ. "ಮೂವತ್ತಾರು ವರ್ಷಕ್ಕೇ ಬಾಸ್ಟನ್‌ನಂಥ ಊರಿಗೆ ಮೇಯರ್ ಆದ್ರಂತಲ್ಲ, ಆಯಮ್ಮ ಯಾರ ಮಗಳು?"

ಕೇಳುವವರದು ತಪ್ಪಲ್ಲ. ನಮ್ಮಲ್ಲಿ ಕಾರ್ಪೊರೇಟರ್ ಟಿಕೆಟ್ ಬೇಕೆಂದರೂ ಮೊದಲು ನೋಡುವುದು ಮನೆತನ, ಆಮೇಲೆ ದುಡ್ಡು. ಅದಕ್ಕೇ ಉತ್ತರವನ್ನು ಒಮ್ಮೆ ಸಾವಕಾಶವಾಗಿ ಬರೆದುಬಿಡೋಣ ಅನ್ನಿಸಿತು.

ನಮ್ಮ ಮೇಯರ್ ಮಿಷೆಲ್ ವೂ ಅವರ ಅಪ್ಪ ಅಮ್ಮ ತೈವಾನ್‌ನಿಂದ ಅಮೆರಿಕಕ್ಕೆ ಬಂದವರು. ಇವರು ಹುಟ್ಟಿದ್ದು 1985ರಲ್ಲಿ, ಶಿಕಾಗೊದಲ್ಲಿ. ಚಿಕ್ಕ ವಯಸ್ಸಿನಲ್ಲೇ ದೊಡ್ಡವರಿಗೆ ಇಂಗ್ಲಿಷ್ ಮಾತು ಬಿಡಿಸಿ ಹೇಳುವ ಕೆಲಸ ಇವರ ಪಾಲಿಗೆ ಬಂತು. ಬಾಸ್ಟನ್ ಪಕ್ಕದ ಹೆಸರಾಂತ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು. 2007ರಲ್ಲಿ ಪದವಿ ಮುಗಿಸಿ ಬಾಸ್ಟನ್‌ನಲ್ಲೇ ಒಳ್ಳೇ ಕೆಲಸಕ್ಕೆ ಸೇರಿದರು.

ಅಷ್ಟರಲ್ಲಿ ಅಮ್ಮನಿಗೆ ಮಾನಸಿಕ ಕಾಯಿಲೆ ಜೋರಾಯಿತು. ಮನೆಯಲ್ಲಿ ಇನ್ನೂ ಓದುವ ತಂಗಿಯರು. ಕೆಲಸ ಬಿಟ್ಟು ಶಿಕಾಗೊಗೆ ವಾಪಸ್ ಹೋದರು. ಸಂಸಾರ ನಡೆಯಬೇಕಲ್ಲ, ಒಂದು ಟೀ ಅಂಗಡಿ ತೆರೆದರು. ಅದರ ಲೈಸೆನ್ಸ್, ಪರ್ಮಿಟ್ಟುಗಳಿಗೆ ಓಡಾಡಿ ಸುಸ್ತಾದರು.

ಈ ಸುಸ್ತು ನನಗೆ ಚೆನ್ನಾಗಿ ಗೊತ್ತು. ನಮ್ಮಪ್ಪನದೂ ಒಂದು ಸಣ್ಣ ಅಂಗಡಿ ಇತ್ತು. ಲೈಸೆನ್ಸ್ ರಿನ್ಯೂವಲ್ ಬಂತೆಂದರೆ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸೈಕಲ್ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ಒಂದು ಜೆರಾಕ್ಸ್ ಕಡಿಮೆ. ಇನ್ನೊಂದು ದಿನ ಸಾಹೇಬರಿಲ್ಲ. ಏನೇನು ತರಬೇಕು ಅಂತ ಒಂದೇ ಸಲ ಹೇಳುವವರು ಯಾರೂ ಇರಲಿಲ್ಲ.

ಆಮೇಲೆ ಮಿಷೆಲ್ ಅಮ್ಮನನ್ನೂ ತಂಗಿಯರನ್ನೂ ಕರೆದುಕೊಂಡು ಬಾಸ್ಟನ್‌ಗೆ ಬಂದರು. ಹಾರ್ವರ್ಡ್‌ನಲ್ಲೇ ಕಾನೂನು ಓದಲು ಸೇರಿದರು. ಓದುವಾಗಲೇ ಸಿಟಿ ಹಾಲ್‌ನಲ್ಲಿ, ಆಗಿನ ಮೇಯರ್ ಥಾಮಸ್ ಮೆನಿನೊ ಅವರ ಕಚೇರಿಯಲ್ಲಿ ಇಂಟರ್ನ್ ಆದರು. ಅಲ್ಲಿ ಅವರು ಮಾಡಿದ್ದೇನು ಗೊತ್ತಾ? ರೆಸ್ಟೋರೆಂಟ್ ತೆರೆಯಲು ಯಾವ್ಯಾವ ಪರ್ಮಿಟ್ ಬೇಕು, ಅದಕ್ಕೆ ಏನೇನು ಮಾಡಬೇಕು ಅಂತ ಒಂದು ಕೈಪಿಡಿ ತಯಾರಿಸಿದರು. ಅಲ್ಲಿಯವರೆಗೆ ಬಾಸ್ಟನ್‌ನಲ್ಲಿ ಅಂಥದ್ದು ಇರಲೇ ಇಲ್ಲ. ಫುಡ್ ಟ್ರಕ್‌ಗಳಿಗೆ ದಾರಿ ಮಾಡಿಕೊಡುವ ಕೆಲಸದಲ್ಲೂ ಇದ್ದರು.

ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಕೈಪಿಡಿಯೇ. ಕೌಂಟರಿನ ಹೊರಗೆ ಕಾಗದ ಹಿಡಿದು ನಿಂತವರು ಒಳಗೆ ಹೋದ ಮೇಲೂ ಹೊರಗಿದ್ದವರನ್ನು ಮರೆಯಲಿಲ್ಲ.

ಮುಂದಿನದು ಬೇಗ ಬೇಗ ಆಯಿತು. 2012ರಲ್ಲಿ ತಮ್ಮ ಪ್ರೊಫೆಸರ್ ಆಗಿದ್ದ ಎಲಿಜಬೆತ್ ವಾರೆನ್ ಅವರ ಸೆನೆಟ್ ಚುನಾವಣೆಗೆ ದುಡಿದರು. 2013ರಲ್ಲಿ ತಾವೇ ನಿಂತು ಸಿಟಿ ಕೌನ್ಸಿಲ್‌ಗೆ ಗೆದ್ದರು. ನಗರಸಭೆ ನೌಕರರಿಗೆ ಮಗು ಹುಟ್ಟಿದಾಗ ಸಂಬಳದ ರಜೆ ಸಿಗುವಂತೆ ಮಾಡಿದರು. 2016ರಲ್ಲಿ ಕೌನ್ಸಿಲ್ ಅಧ್ಯಕ್ಷೆ. 2021ರ ನವೆಂಬರ್‌ನಲ್ಲಿ ಸುಮಾರು 64% ಮತ ಪಡೆದು ಮೇಯರ್. ಬಾಸ್ಟನ್ ಜನ ಈ ಹುದ್ದೆಗೆ ಆರಿಸಿದ ಮೊದಲ ಹೆಣ್ಣುಮಗಳು ಇವರೇ. ಬೆಂಗಳೂರಿನಲ್ಲಿ ಕಾರ್ಪೊರೇಟರ್‌ಗಳು ವರ್ಷಕ್ಕೊಬ್ಬರಂತೆ ಮೇಯರ್ ಆರಿಸುತ್ತಿದ್ದರು. ಇಲ್ಲಿ ಹಾಗಲ್ಲ, ಜನರೇ ನೇರವಾಗಿ ಓಟು ಹಾಕುತ್ತಾರೆ, ನಾಲ್ಕು ವರ್ಷದ ಅಧಿಕಾರ. ಅದಕ್ಕೇ ಏನಾದರೂ ಮಾಡಲು ಪುರುಸೊತ್ತು ಸಿಗುತ್ತದೆ.

ಹಾರ್ವರ್ಡ್ ಹೆಸರು ನೆರವಾಗಲಿಲ್ಲವೇ ಅಂದರೆ, ಖಂಡಿತ ಆಯಿತು. ಅದನ್ನು ಮುಚ್ಚಿಡಬಾರದು. ಹೇಳಿದ್ದೆಲ್ಲ ಮಾಡಿದ್ದಾರೆಯೇ ಅಂದರೆ, ಅದೂ ಇಲ್ಲ. ಬಸ್ಸು, ರೈಲು ಎಲ್ಲ ಪುಕ್ಕಟೆ ಆಗಬೇಕು ಅನ್ನುತ್ತಿದ್ದರು. 2022ರಲ್ಲಿ ಆದದ್ದು 23, 28, 29ನೇ ನಂಬರಿನ ಮೂರು ಬಸ್ ಮಾರ್ಗಗಳು ಮಾತ್ರ. ಆದರೂ ಆ 28ರಲ್ಲಿ ನಾನೊಮ್ಮೆ ಕೂತಿದ್ದೆ. ಮಳೆ ಬರುತ್ತಿತ್ತು. ಚೀಲ ಹಿಡಿದ ಅಜ್ಜಿಯೊಬ್ಬರು ಹಿಂದಿನ ಬಾಗಿಲಿನಿಂದ ಹತ್ತಿದರು. ಚಿಲ್ಲರೆ ಹುಡುಕುವ ತಾಪತ್ರಯವಿರಲಿಲ್ಲ, ನೇರ ಬಂದು ನನ್ನ ಪಕ್ಕ ಕೂತರು.

ಇದನ್ನೆಲ್ಲ ಹೋದ ವಾರ ದೊಡ್ಡಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ತಾಯಿ ಏನಾದ್ರು?" ಅಂದರು.

ಮಗಳು ಮೇಯರ್ ಚುನಾವಣೆಗೆ ನಿಂತಾಗ ಅವರು ಮಗಳ ಮನೆಯಲ್ಲೇ, ಕೆಳಗಿನ ಅಂತಸ್ತಿನಲ್ಲಿ ಇದ್ದರು ಅಂತ ಹೇಳಿದೆ.