ಒಂಬತ್ತು ಹಾಳೆ, ಒಂದು ಚಿಹ್ನೆ

ಕಪ್ಪು-ಬಿಳುಪು ಫೋಟೋ ಒಂದನ್ನು ಬಲಕ್ಕೆ 90 ಡಿಗ್ರಿ ತಿರುಗಿಸಬೇಕು. ಎಪಿಎಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದಕ್ಕೆ ಎರಡೇ ಚಿಹ್ನೆ ಸಾಕು: ⌽⍉. ಈ ಚಿಹ್ನೆಗಳನ್ನು ಸ್ವಲ್ಪ ಗಮನಿಸಿ ನೋಡಿ. ವೃತ್ತದ ನಡುವೆ ನೆಟ್ಟಗೆ ಗೆರೆ ಇದ್ದರೆ ಆ ಗೆರೆಯ ಸುತ್ತ ಚಿತ್ರ ಎಡ-ಬಲ ಮಗುಚುತ್ತದೆ. ಗೆರೆ ಅಡ್ಡ ಮಲಗಿದ್ದರೆ (⊖) ಮೇಲೆ-ಕೆಳಗೆ. ಓರೆಯಾಗಿದ್ದರೆ ಅಡ್ಡಸಾಲುಗಳೆಲ್ಲ ಕಂಬಸಾಲುಗಳಾಗುತ್ತವೆ. ಕನ್ನಡಿ ಎಲ್ಲಿಡಬೇಕು ಅಂತ ಚಿಹ್ನೆಯೇ ಬರೆದು ತೋರಿಸುತ್ತದೆ. ಕೆನೆತ್ ಐವರ್ಸನ್ ಈ ಭಾಷೆಯನ್ನು ಶುರು ಮಾಡಿದ್ದು ಬೋರ್ಡ್ ಮೇಲೆ ಬರೆದು ವಿವರಿಸುವ ಗಣಿತದ ಲಿಪಿಯಾಗಿ, ಕಂಪ್ಯೂಟರ್‌ಗೆ ಬಂದದ್ದು ಆಮೇಲೆ. ಅದು ಇಂಥ ಕಡೆ ಗೊತ್ತಾಗುತ್ತದೆ.

ಚಿತ್ರ ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳ ಒಂದು ಪಟ್ಟಿ ತಾನೇ. ನೆಗೆಟಿವ್ ಬೇಕಾದರೆ 255ರಿಂದ ಇಡೀ ಚಿತ್ರವನ್ನೇ ಕಳೆದರಾಯಿತು. ಬಣ್ಣದ ಚಿತ್ರವನ್ನು ಬೂದು ಮಾಡಬೇಕಾ? ಕೆಂಪು, ಹಸಿರು, ನೀಲಿಗೆ 0.299, 0.587, 0.114 ತೂಕ ಕೊಟ್ಟು +.× (ಗುಣಿಸಿ ಕೂಡಿಸು) ಅಂತ ಬರೆದರೆ ಮುಗಿಯಿತು. ಒಂದೊಂದೇ ಪಿಕ್ಸೆಲ್ ಸುತ್ತುವ ಲೂಪ್ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು, ಲೆಕ್ಕ ಬಲದಿಂದ ಎಡಕ್ಕೆ ನಡೆಯುತ್ತದೆ. ನೆಗೆಟಿವ್ ಮಾಡಿ ಆಮೇಲೆ 20 ಸೇರಿಸಿ ಬೆಳಗಿಸೋಣ ಅಂತ ನಾನು 255-ಚಿತ್ರ+20 ಅನ್ನುವ ಹಾಗೆ ಬರೆದಿದ್ದೆ. ಮೊದಲು 20 ಸೇರಿತು, ಆಮೇಲೆ ಕಳೆಯಿತು, ಚಿತ್ರ ಇನ್ನೂ ಕಪ್ಪಾಯಿತು.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಬ್ಲರ್, ಅಂದರೆ ಚಿತ್ರವನ್ನು ಮಸುಕು ಮಾಡುವುದು. ಬೇರೆ ಭಾಷೆಗಳಲ್ಲಿ ಬರೆಯುವಾಗ ನಾನು ಒಂದು ಪಿಕ್ಸೆಲ್ ಮೇಲೆ ನಿಂತು, ಸುತ್ತಲಿನ ಎಂಟನ್ನು ನೋಡಿ, ಸರಾಸರಿ ತೆಗೆದು, ಪಕ್ಕದ ಪಿಕ್ಸೆಲ್‌ಗೆ ಹೋಗುತ್ತಿದ್ದೆ. ಇಲ್ಲಿ ಹಾಗೆ ಯೋಚಿಸಿದರೆ ಕೈಯೇ ಓಡುವುದಿಲ್ಲ. ಇಡೀ ಚಿತ್ರವನ್ನು ಒಂದು ಪಾರದರ್ಶಕ ಹಾಳೆ ಅಂದುಕೊಳ್ಳಿ. ಅದರದೇ ಒಂಬತ್ತು ಪ್ರತಿ ಮಾಡಿ, ಒಂದನ್ನು ಇದ್ದ ಹಾಗೇ ಬಿಟ್ಟು, ಉಳಿದ ಎಂಟನ್ನು ಎಂಟು ದಿಕ್ಕಿಗೆ ಒಂದೊಂದು ಪಿಕ್ಸೆಲ್ ಜರುಗಿಸಿ, ಒಂದರ ಮೇಲೊಂದು ಇಡಿ. ಈಗ ಪ್ರತಿ ಜಾಗದಲ್ಲೂ ಒಂದು ಪಿಕ್ಸೆಲ್ ಮತ್ತು ಅದರ ಎಂಟು ನೆರೆಯವರು ಒಂದೇ ಕಂಬದಲ್ಲಿ ನಿಂತಿರುತ್ತಾರೆ. ಎಲ್ಲವನ್ನೂ + ಇಂದ ಕೂಡಿಸಿ 9ರಿಂದ ಭಾಗಿಸಿದರೆ ಬ್ಲರ್.

ಆ + ತೆಗೆದು ⌈ ಹಾಕಿ ನೋಡಿ. ⌈ ಅಂದರೆ ಎರಡರಲ್ಲಿ ದೊಡ್ಡದು. ಬಿಳಿ ಭಾಗಗಳು ಸುತ್ತಲೂ ಒಂದು ಪಿಕ್ಸೆಲ್ ಉಬ್ಬುತ್ತವೆ (ಡೈಲೇಶನ್). ⌊ (ಎರಡರಲ್ಲಿ ಚಿಕ್ಕದು) ಹಾಕಿದರೆ ಕಪ್ಪು ಉಬ್ಬುತ್ತದೆ (ಇರೋಶನ್). ದೊಡ್ಡದರಿಂದ ಚಿಕ್ಕದನ್ನು ಕಳೆದರೆ ವಸ್ತುಗಳ ಅಂಚಿನ ಗೆರೆಗಳು ಎದ್ದು ಬರುತ್ತವೆ. ಬ್ಲರ್, ಡೈಲೇಶನ್, ಇರೋಶನ್, ಅಂಚು ಹುಡುಕುವುದು, ಇವನ್ನೆಲ್ಲ ನಾನು ಬೇರೆ ಬೇರೆ ಅಧ್ಯಾಯಗಳಾಗಿ ಓದಿದ್ದೆ, ಬೇರೆ ಬೇರೆ ಫಂಕ್ಷನ್ ಹೆಸರುಗಳಾಗಿ ನೆನಪಿಟ್ಟಿದ್ದೆ. ಎಲ್ಲವೂ ಅದೇ ಒಂಬತ್ತು ಹಾಳೆ, ಬದಲಾದದ್ದು ಒಂದೇ ಚಿಹ್ನೆ! ಎಷ್ಟೋ ವರ್ಷ ಸಿದ್ಧ ಕೋಡ್‌ನ ಲೈಬ್ರರಿ ಬಳಸಿಯೂ ನನಗಿದು ಕಂಡಿರಲಿಲ್ಲ.

ಅಂಚಿನಲ್ಲಿ ಒಂದು ಪೆಟ್ಟು ತಿಂದೆ. ಬ್ಲರ್ ಆದ ಚಿತ್ರದ ಎಡತುದಿಯಲ್ಲಿ ಸಣ್ಣ ಕಪ್ಪು ಪಟ್ಟಿ ಕಾಣಿಸಿತು. ಎಡಗಡೆ ಆಕಾಶ, ಬಲಗಡೆ ಮರ. ⌽ನ ಎಡಕ್ಕೆ ಸಂಖ್ಯೆ ಕೊಟ್ಟರೆ ಅದು ಮಗುಚುವ ಬದಲು ಜರುಗಿಸುತ್ತದೆ; ಹಾಗೆ ಜರುಗಿಸಿದಾಗ ಒಂದು ತುದಿಯಿಂದ ಹೊರಬಿದ್ದ ಸಾಲು ಇನ್ನೊಂದು ತುದಿಯಿಂದ ಒಳಗೆ ಬರುತ್ತದೆ, ಹಾಗಾಗಿ ಮರ ಆಕಾಶಕ್ಕೆ ಬಂದಿತ್ತು. ಜರುಗಿಸುವ ಮೊದಲು ತುದಿಯ ಸಾಲುಗಳನ್ನೇ ಸುತ್ತಲೂ ಒಂದು ಸಲ ನಕಲು ಮಾಡಿ, ಕೊನೆಗೆ ಕತ್ತರಿಸಿದರೆ ಸರಿಯಾಗುತ್ತದೆ. ಎಪಿಎಲ್‌ನ ಒಂದು ಆವೃತ್ತಿಯಾದ ಡಯಾಲಾಗ್ ಎಪಿಎಲ್‌ನಲ್ಲಿ ಹೀಗೆ ನೆರೆಯ ಪಿಕ್ಸೆಲ್‌ಗಳನ್ನು ನೋಡಲೆಂದೇ ⌺ ಅನ್ನುವ ಸ್ಟೆನ್ಸಿಲ್ ಇದೆ, ಆದರೆ ಅದು ಹೊರಗೆ ಸೊನ್ನೆ ತುಂಬುತ್ತದೆ, ಸುಮ್ನೆ ಸರಾಸರಿ ತೆಗೆದರೆ ಅಂಚು ಕಪ್ಪಾಗುತ್ತದೆ.

ಮೆಮೊರಿ ಜಾಸ್ತಿ ತಿನ್ನುತ್ತದೆ, ಅದು ನಿಜ. 4000×3000 ಬಣ್ಣದ ಫೋಟೋ ಅಂದರೆ 3.6 ಕೋಟಿ ಸಂಖ್ಯೆ. ಭಾಗಾಕಾರ ಆದ ತಕ್ಷಣ ಒಂದೊಂದಕ್ಕೂ 8 ಬೈಟ್, ಅಂದರೆ 288 ಎಂಬಿ, ಅದೂ ಒಂದೇ ಹಾಳೆಗೆ. ಮೊದಲು ಅಡ್ಡಕ್ಕೆ ಮೂರು, ಆಮೇಲೆ ಉದ್ದಕ್ಕೆ ಮೂರು ಅಂತ ಮಾಡಿದರೆ ಒಂಬತ್ತರ ಬದಲು ಆರರಲ್ಲೇ ಕೆಲಸ ಆಗುತ್ತದೆ. ಇನ್ನು 128ಕ್ಕಿಂತ ಹೆಚ್ಚಾ ಕಡಿಮೆಯಾ ಅಂತ ಕೇಳಿ ಬರೀ 0, 1 ಮಾಡಿಕೊಂಡರೆ ಡಯಾಲಾಗ್ ಒಂದಕ್ಕೆ ಒಂದೇ ಬಿಟ್ ಇಡುತ್ತದೆ. ಆಗ ಅಷ್ಟೇ ದೊಡ್ಡ ಕಪ್ಪು-ಬಿಳುಪು ಚಿತ್ರಕ್ಕೆ 1.5 ಎಂಬಿ ಸಾಕು.

ಸ್ಕ್ಯಾನ್ ಮಾಡಿದ ಹಳೆಯ ಪುಟಗಳ ಚುಕ್ಕೆ ಅಳಿಸಲು ನಾನು ಇದನ್ನೇ ಬಳಸಿದೆ. ಮೊದಲು ⌈, ಆಮೇಲೆ ⌊. ಸಣ್ಣ ಕಪ್ಪು ಚುಕ್ಕೆಗಳು ಮಾಯವಾದವು. ಪುಟ ತುಂಬಾ ಶುಭ್ರವಾಗಿತ್ತು, ಓದಲು ಕೂತಾಗ ಗೊತ್ತಾಯಿತು, ಪೂರ್ಣವಿರಾಮಗಳೂ ಹೋಗಿದ್ದವು. ಆ ಸ್ಕ್ಯಾನ್‌ನಲ್ಲಿ ಅವು ಬರೀ ಆರು ಪಿಕ್ಸೆಲ್ ಇದ್ದವು, 2×3. ಅದಕ್ಕೇ ದಾರಿ ಬದಲಿಸಿದೆ. ಪ್ರತಿ ಕಪ್ಪು ಪಿಕ್ಸೆಲ್‌ಗೆ ಬೇರೆ ಬೇರೆ ಸಂಖ್ಯೆ ಕೊಟ್ಟು, ಒಂಬತ್ತು ಹಾಳೆ ಇಟ್ಟು ⌈ ತೆಗೆದು, ಬಿಳಿ ಇದ್ದಲ್ಲಿ ಮತ್ತೆ ಸೊನ್ನೆ ಮಾಡಿ, ⍣≡ ಹಾಕಿದೆ. ಇನ್ನು ಏನೂ ಬದಲಾಗುವುದಿಲ್ಲ ಅನ್ನುವವರೆಗೆ ಅದನ್ನೇ ಮಾಡುತ್ತಿರು ಅಂತ ಅದರ ಅರ್ಥ. ಕೊನೆಗೆ ಒಂದಕ್ಕೊಂದು ಅಂಟಿಕೊಂಡ ಪಿಕ್ಸೆಲ್‌ಗಳಿಗೆಲ್ಲ ಒಂದೇ ಸಂಖ್ಯೆ ಉಳಿಯಿತು. ಯಾವ ಸಂಖ್ಯೆ ಎಷ್ಟು ಸಲ ಬಂದಿದೆ ಅಂತ ಎಣಿಸಿ, ನಾಲ್ಕಕ್ಕಿಂತ ಕಡಿಮೆ ಇದ್ದವನ್ನು ಮಾತ್ರ ಅಳಿಸಿದೆ. ಪೂರ್ಣವಿರಾಮಗಳು ಅಲ್ಲಲ್ಲೇ ಉಳಿದವು.