ಬೋನಸ್‌ನ ಲೆಕ್ಕ: ಹದಿಮೂರು ವಾರಗಳ ಟಿಪ್ಪಣಿ

ನವೆಂಬರ್ 9, 2025, ಭಾನುವಾರ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಈಗ ನಾಲ್ಕೂವರೆಗೆಲ್ಲ ಕತ್ತಲೆ. ಅಡುಗೆಮನೆಯ ಮೇಜಿನ ಮೇಲೆ ಗೆಳೆಯ ಮೊಬೈಲ್ ಇಟ್ಟು, "ಇದನ್ನು ತೆಗೆದುಕೊಳ್ಳಬಹುದೇ? ಈ ಸಲ ನೀನು ಲೆಕ್ಕ ಹಾಕಿ ಹೇಳು" ಎಂದ. ಪರದೆಯ ತುಂಬ ದೊಡ್ಡ ಅಕ್ಷರ: 100 ಪೌಂಡ್ ಹಾಕಿದರೆ ಇನ್ನೂ 100 ಪೌಂಡ್ ಬೋನಸ್. ಅದರಡಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಷರತ್ತುಗಳು.

"ಈ ಸಲ" ಎಂದದ್ದಕ್ಕೆ ಕಾರಣವಿದೆ. ಹೋದ ತಿಂಗಳು ಬೇರೊಂದು ಆನ್‌ಲೈನ್ ಕ್ಯಾಸಿನೊದಲ್ಲಿ ಅವನು ಇಂಥದೇ ಬೋನಸ್ ತೆಗೆದುಕೊಂಡಿದ್ದ. ಮೂರು ಸಂಜೆ ಆಡಿ, ಷರತ್ತು ಮುಗಿಸಿ, 180 ಪೌಂಡ್ ಹಿಂಪಡೆಯಲು ಹೋದಾಗ ಗೆಲುವನ್ನೆಲ್ಲ ರದ್ದು ಮಾಡಿದರು. ಬೋನಸ್ ಚಾಲ್ತಿಯಲ್ಲಿರುವಾಗ ಒಂದು ಸ್ಪಿನ್‌ಗೆ, ಅಂದರೆ ಸ್ಲಾಟ್ ಆಟದ ಚಕ್ರಗಳನ್ನು ಒಂದು ಸಲ ತಿರುಗಿಸಲು, 2 ಪೌಂಡ್‌ಗಿಂತ ಹೆಚ್ಚು ಪಣ ಇಡಬಾರದೆಂಬ ನಿಯಮವಿತ್ತು. ಅವನು ಒಂದೇ ಒಂದು ಸಲ ಎರಡೂವರೆ ಪೌಂಡ್ ಇಟ್ಟಿದ್ದ. ಪಣ ಇಡುವ ಬಟನ್ ತಡೆಯಲಿಲ್ಲ, ಎಚ್ಚರಿಸಲಿಲ್ಲ, ಪಣವನ್ನು ಸ್ವೀಕರಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ಜೂಜಿನ ಹುಚ್ಚಿನವನಲ್ಲ. ಬಾಡಿಗೆ ಕೊಟ್ಟು, ಊರಿಗೆ ಹಣ ಕಳುಹಿಸಿ ಉಳಿದದ್ದರಲ್ಲಿ ಬದುಕುವವನು. ನನಗೆ ನೋವಾಗಿದ್ದು ಅದಕ್ಕೇ.

ಹೀಗಾಗಿ ಈ ಚಳಿಗಾಲದ ಕೆಲಸ ಇದು: ಒಂದು ಬೋನಸ್ ನಿಜಕ್ಕೂ ಎಷ್ಟು ಬೆಲೆ ಬಾಳುತ್ತದೆ ಎಂದು ಹೇಳುವ ಒಂದು ಸ್ಪ್ರೆಡ್‌ಶೀಟ್ ಹಾಳೆ. ನಾನು ಒಂದು ಪೈಸೆಯೂ ಆಡುವುದಿಲ್ಲ, ಲೆಕ್ಕ ಮಾತ್ರ.

ನವೆಂಬರ್ 16

ಮೊದಲ ಹಾಳೆ ಸಿದ್ಧವಾಗಿದೆ. ಸೂತ್ರ ಸರಳ. ವೇಜರಿಂಗ್ 35 ಪಟ್ಟು ಎಂದರೆ 100 ಪೌಂಡ್ ಬೋನಸ್‌ಗೆ ಒಟ್ಟು 3,500 ಪೌಂಡ್ ಮೌಲ್ಯದ ಪಣ ಇಡಬೇಕು. ಅಲ್ಲಿಯವರೆಗೆ ಹಣ ಈಚೆ ಬರುವುದಿಲ್ಲ. ಸ್ಲಾಟ್ ಆಟದ ಆರ್‌ಟಿಪಿ, ಅಂದರೆ ಇಟ್ಟ ಪಣದಲ್ಲಿ ದೀರ್ಘಕಾಲದಲ್ಲಿ ಮರಳುವ ಪಾಲು, ಶೇ. 96 ಎಂದುಕೊಳ್ಳಿ. ಕ್ಯಾಸಿನೊಗೆ ಶೇ. 4. ಮೂರೂವರೆ ಸಾವಿರಕ್ಕೆ 140 ಪೌಂಡ್ ಹೋಗುತ್ತದೆ. ಬಂದ ಬೋನಸ್ 100. ನಿವ್ವಳ 40 ಪೌಂಡ್ ನಷ್ಟ.

ಕೆಲವು ಕಡೆ 35 ಪಟ್ಟು ಬೋನಸ್‌ಗೆ ಮಾತ್ರವಲ್ಲ, ನಾವು ಹಾಕಿದ ಹಣವನ್ನೂ ಸೇರಿಸಿ ಎಣಿಸುತ್ತಾರೆ. ಆಗ ಪಣ 7,000, ಹೋಗುವುದು 280. ವಾಕ್ಯದಲ್ಲಿ ಒಂದು ಪದದ ವ್ಯತ್ಯಾಸ, ಹಾಳೆಯಲ್ಲಿ ಎರಡು ಪಟ್ಟು.

"ಹಾಗಾದರೆ ಬ್ಲ್ಯಾಕ್‌ಜ್ಯಾಕ್ ಆಡಿದರೆ? ಅದರಲ್ಲಿ ಕ್ಯಾಸಿನೊದ ಪಾಲು ಬಹಳ ಕಡಿಮೆಯಲ್ಲವೇ?" ಎಂದ ಗೆಳೆಯ. ಒಳ್ಳೆಯ ಪ್ರಶ್ನೆ. ಈ ಇಸ್ಪೀಟಾಟವನ್ನು ಸರಿಯಾದ ಕ್ರಮದಲ್ಲಿ ಆಡಿದರೆ ಸುಮಾರು ಅರ್ಧ ಶೇಕಡಾ ಅಷ್ಟೇ. ಆದರೆ ಈ ಪ್ರಸ್ತಾವದಲ್ಲಿ ಬ್ಲ್ಯಾಕ್‌ಜ್ಯಾಕ್ ಪಣದ ಶೇ. 10 ಮಾತ್ರ ಲೆಕ್ಕಕ್ಕೆ ಬರುತ್ತದೆ. 3,500 ತುಂಬಲು 35,000 ಪೌಂಡ್ ತಿರುಗಿಸಬೇಕು. ಅರ್ಧ ಶೇಕಡಾ ಎಂದರೂ 175 ಪೌಂಡ್. ಒಂದೇ ಸೊನ್ನೆಯಿರುವ ಯುರೋಪಿಯನ್ ರೂಲೆಟ್ ಎಂಬ ಚಕ್ರದ ಆಟಕ್ಕೂ ಅದೇ ಶೇ. 10; ಅಲ್ಲಿ ಕ್ಯಾಸಿನೊದ ಪಾಲು 37ರಲ್ಲಿ ಒಂದು, ಹಾಗಾಗಿ 945 ಪೌಂಡ್‌ಗೂ ಹೆಚ್ಚು. ಈ ಸಾಲನ್ನು ಕೆಂಪು ಬಣ್ಣದಲ್ಲಿ ತುಂಬಿದ್ದೇನೆ.

ಇನ್ನೊಂದು ಅಂಕಣ ಸೇರಿಸಲೇಬೇಕಾಯಿತು. ಒಂದೇ ಹೆಸರಿನ ಸ್ಲಾಟ್ ಬೇರೆ ಬೇರೆ ಆರ್‌ಟಿಪಿಯಲ್ಲಿ ಬರುತ್ತದೆ. ಯಾವುದನ್ನು ಹಾಕಿಕೊಳ್ಳಬೇಕೆಂಬುದು ಕ್ಯಾಸಿನೊದ ಆಯ್ಕೆ. ಪ್ಲೇ ಎನ್ ಗೋ ಕಂಪನಿಯ 'ಬುಕ್ ಆಫ್ ಡೆಡ್' 96.21ರಲ್ಲೂ ಇದೆ, 94.25ರಲ್ಲೂ ಇದೆ. ಚಿತ್ರ ಅದೇ, ಸದ್ದು ಅದೇ. 3,500 ಪೌಂಡ್ ಪಣಕ್ಕೆ ಮೊದಲನೆಯದರಲ್ಲಿ ಸುಮಾರು 133 ಪೌಂಡ್, ಎರಡನೆಯದರಲ್ಲಿ 201 ಪೌಂಡ್ ಹೋಗುತ್ತದೆ. ಆಟದೊಳಗಿನ ಸಹಾಯದ ಪುಟವನ್ನು ಕೊನೆಯವರೆಗೂ ಓದಿದರೆ ಈ ಸಂಖ್ಯೆ ಸಿಗುತ್ತದೆ. ಗೆಳೆಯನಿಗೆ ಆ ಪುಟ ಇರುವುದೇ ಗೊತ್ತಿರಲಿಲ್ಲ.

ನವೆಂಬರ್ 29, ಶನಿವಾರ

ಹಾಳೆಯ ಸೂತ್ರವನ್ನು ಪರೀಕ್ಷಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಆಟಿಕೆ ಯಂತ್ರ ಬರೆದೆ. ನಿಜವಾದ ಸ್ಲಾಟ್‌ಗಳ ಒಳಗಣಿತ ನನ್ನ ಕೈಗೆ ಸಿಗುವಂಥದ್ದಲ್ಲ. ಆದ್ದರಿಂದ ಯಾರೂ ಪೆನ್ನು ಹಿಡಿದು ಪರಿಶೀಲಿಸಬಹುದಾದ ಯಂತ್ರ: ಪ್ರತಿ ಸ್ಪಿನ್‌ನಲ್ಲಿ ಶೇ. 3.84 ಸಾಧ್ಯತೆಯಲ್ಲಿ ಪಣದ 25 ಪಟ್ಟು ಕೊಡುತ್ತದೆ, ಉಳಿದಂತೆ ಏನೂ ಇಲ್ಲ. ಗುಣಿಸಿದರೆ ಸರಿಯಾಗಿ ಶೇ. 96.

ಕೈಯಲ್ಲಿ 200 ಪೌಂಡ್ (ಹಾಕಿದ 100, ಬೋನಸ್ 100), ಪ್ರತಿ ಸ್ಪಿನ್‌ಗೆ 5 ಪೌಂಡ್, 700 ಸ್ಪಿನ್. ಕೋಡ್ ಓಡಿಸಿದೆ. ಸರಾಸರಿ ನಷ್ಟ 40 ಪೌಂಡ್! ಸೂತ್ರಕ್ಕೆ ತಾಳೆಯಾಯಿತೆಂದು ಹಿಗ್ಗಿ, ಗೆಳೆಯನಿಗೆ ಸಂದೇಶ ಕಳುಹಿಸಿ ಮಲಗಿದೆ.

ನವೆಂಬರ್ 30

ತಾಳೆಯಾದದ್ದೇ ತಪ್ಪು. ಬೆಳಿಗ್ಗೆ ಒಬ್ಬೊಬ್ಬ ಆಟಗಾರನ ಸಾಲುಗಳನ್ನು ತೆರೆದು ನೋಡಿದರೆ ಒಬ್ಬನ ಖಾತೆಯಲ್ಲಿ ಋಣ 300 ಪೌಂಡ್ ಇದೆ. ಹಣ ಮುಗಿದ ಮೇಲೂ ನನ್ನ ಕೋಡ್ ಅವನನ್ನು ಆಡಿಸುತ್ತಲೇ ಇತ್ತು. ಸೂತ್ರದಲ್ಲಿರುವ ಕುರುಡೂ ಇದೇ. ಪ್ರತಿಯೊಬ್ಬನೂ 3,500 ಪೌಂಡ್ ಪಣವನ್ನು ಪೂರ್ತಿ ಇಟ್ಟೇ ಇಡುತ್ತಾನೆ ಎಂದು ಅದು ನಂಬಿಕೊಂಡಿದೆ. ನಿಜ ಜೀವನದಲ್ಲಿ ಖಾತೆ ಸೊನ್ನೆಯಾದ ಕ್ಷಣ ಆಟ ನಿಲ್ಲುತ್ತದೆ, ನಿಂತವನು ಮುಂದಿನ ಪಣಗಳ ಮೇಲಿನ ಶೇ. 4 ಕಳೆದುಕೊಳ್ಳುವುದಿಲ್ಲ.

ಒಂದು ಸಾಲು ತಿದ್ದಿದೆ. ಉತ್ತರ ತಲೆಕೆಳಗಾಯಿತು. ಸರಾಸರಿ 40 ಪೌಂಡ್ ನಷ್ಟ ಹೋಗಿ ಸರಾಸರಿ ಸುಮಾರು 46 ಪೌಂಡ್ ಲಾಭ ಬಂತು. ನಂಬಿಕೆ ಬರಲಿಲ್ಲ. ಯಂತ್ರ ಸರಳವಾಗಿರುವುದರಿಂದ ಕಾಗದದ ಮೇಲೆ ಸಂಭಾವ್ಯತೆಯನ್ನು ಒಂದೊಂದೇ ಹಂತವಾಗಿ ಕೂಡಿಸಿ ನೋಡಿದೆ. ಅದೇ ಉತ್ತರ. ಒಬ್ಬ ಆಟಗಾರ ಸರಾಸರಿ ಇಡುವ ಪಣ 3,500 ಅಲ್ಲ, 1,330ರ ಆಸುಪಾಸು ಮಾತ್ರ.

ಏಕೆಂದರೆ ಬಹಳಷ್ಟು ಜನ ಅಷ್ಟರಲ್ಲೇ ಮುಗಿದಿರುತ್ತಾರೆ.

ಡಿಸೆಂಬರ್ 6

ವಾರವಿಡೀ ಈ 46 ಪೌಂಡ್ ನನ್ನನ್ನು ಕಾಡಿದೆ. ಇದನ್ನು ಗೆಳೆಯನಿಗೆ ಹೇಗೆ ಹೇಳಲಿ? "ಲಾಭದ ಬೋನಸ್" ಎಂದರೆ ಅವನು ನಾಳೆಯೇ 100 ಪೌಂಡ್ ಹಾಕುತ್ತಾನೆ. ಆದ್ದರಿಂದ ಸರಾಸರಿಯನ್ನು ಬಿಡಿಸಿ ನೋಡಿದೆ.

ನೂರು ಜನರನ್ನು ಸಾಲಾಗಿ ನಿಲ್ಲಿಸಿದಂತೆ ಅಂದುಕೊಳ್ಳಿ. ಎಲ್ಲರೂ ತಮ್ಮ 100 ಪೌಂಡ್ ಹಾಕಿ ಆಡುತ್ತಾರೆ. ಷರತ್ತು ಮುಗಿಯುವುದರೊಳಗೆ 80 ಜನರ ಖಾತೆ ಬರಿದಾಗುತ್ತದೆ. ಉಳಿದ ಇಪ್ಪತ್ತು ಜನ ಸರಾಸರಿ ಸುಮಾರು 730 ಪೌಂಡ್ ಒಯ್ಯುತ್ತಾರೆ. ಆ 46 ಪೌಂಡ್ ಲಾಭ ಯಾರ ಕೈಯಲ್ಲೂ ಇಲ್ಲ. ಅದು ಈ ಎರಡು ಗುಂಪುಗಳ ನಡುವಿನ ಖಾಲಿ ಜಾಗ.

ಇನ್ನೂ ಹತ್ತಿರದಿಂದ ನೋಡೋಣ. ನೂರರಲ್ಲಿ ಸುಮಾರು 21 ಜನರಿಗೆ ಮೊದಲ 40 ಸ್ಪಿನ್‌ಗಳಲ್ಲಿ ಒಂದೂ ಗೆಲುವು ಬರುವುದಿಲ್ಲ. ಬ್ರಿಟನ್‌ನಲ್ಲಿ ಆನ್‌ಲೈನ್ ಸ್ಲಾಟ್‌ನ ಒಂದು ಸ್ಪಿನ್‌ಗೆ ಕನಿಷ್ಠ ಎರಡೂವರೆ ಸೆಕೆಂಡು ಹಿಡಿಯಬೇಕೆಂದು 2021ರಿಂದ ನಿಯಮವಿದೆ. ನಲವತ್ತು ಸ್ಪಿನ್ ಎಂದರೆ 100 ಸೆಕೆಂಡು. ಚಹಾಕ್ಕೆ ಇಟ್ಟ ನೀರು ಕುದಿಯುವುದರೊಳಗೆ ಐವರಲ್ಲಿ ಒಬ್ಬನ ನೂರೂ ಹೋಗಿ, ಬೋನಸ್‌ನ ನೂರೂ ಹೋಗಿರುತ್ತದೆ.

ಇದನ್ನು ನಾನು ಲಾಭ ಎಂದು ಕರೆಯಲಾರೆ. ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ಬದುಕುವವನಿಗೆ ಬೇಕಾದ ಸಂಖ್ಯೆ 46 ಅಲ್ಲ, 80. ಹಾಳೆಯಲ್ಲಿ ಇನ್ನು ಮುಂದೆ ಬರಿದಾಗುವವರ ಸಂಖ್ಯೆಯೇ ಮೊದಲ ಅಂಕಣ, ಸರಾಸರಿ ಅದರ ಪಕ್ಕದಲ್ಲಿ.

ಡಿಸೆಂಬರ್ 14

ಪಣ ಇಳಿಸಿದರೆ? ಸ್ಪಿನ್‌ಗೆ 1 ಪೌಂಡ್ ಇಟ್ಟರೆ ಬರಿದಾಗುವವರು ನೂರಕ್ಕೆ 65ರ ಆಸುಪಾಸಿಗೆ ಇಳಿಯುತ್ತಾರೆ, ಆದರೆ ಸರಾಸರಿ ಲಾಭವೂ 14 ಪೌಂಡ್‌ನ ಆಸುಪಾಸಿಗೆ ಕುಸಿಯುತ್ತದೆ. ಇನ್ನೂ ಇಳಿಸುತ್ತ ಹೋದರೆ ಅದು ಹಳೆಯ ಸೂತ್ರದ 40 ಪೌಂಡ್ ನಷ್ಟದತ್ತ ಜಾರುತ್ತದೆ. ಸಮಯದ ಲೆಕ್ಕವೂ ಇದೆ: 1 ಪೌಂಡ್ ಪಣದಲ್ಲಿ 3,500 ಸ್ಪಿನ್, ಕಣ್ಣು ಮಿಟುಕಿಸದೆ ಆಡಿದರೂ ಸುಮಾರು ಎರಡೂವರೆ ಗಂಟೆ. 20 ಪೆನ್ಸ್ ಆದರೆ 17,500 ಸ್ಪಿನ್, ಹನ್ನೆರಡು ಗಂಟೆಗೂ ಹೆಚ್ಚು.

ಜಾಗರೂಕತೆಯಿಂದ ಆಡುವವನನ್ನು ಷರತ್ತು ನಿಧಾನವಾಗಿ ಅರೆಯುತ್ತದೆ, ಧೈರ್ಯದಿಂದ ಆಡುವವನನ್ನು ಬೇಗ ಮುಗಿಸುತ್ತದೆ. ಪಣದ ಗರಿಷ್ಠ ಮಿತಿ ಏಕಿದೆ ಎಂಬುದು ಈಗ ಅರ್ಥವಾಯಿತು. ಏರಿಳಿತ ಹೆಚ್ಚಿದ್ದಷ್ಟೂ ಆಟಗಾರನ ಸರಾಸರಿ ಮೇಲೇರುತ್ತದೆ. ಆ ದಾರಿಗೆ ಹಾಕಿದ ಬೇಲಿ ಅದು. ಗೆಳೆಯ ಎರಡೂವರೆ ಪೌಂಡ್ ಇಟ್ಟು ಎಡವಿದ್ದು ಇದೇ ಬೇಲಿಗೆ.

ಇನ್ನೊಂದು ಬೇಲಿ, ಗೆಲುವಿನ ಗರಿಷ್ಠ ಮಿತಿ. "ಬೋನಸ್‌ನಿಂದ 250 ಪೌಂಡ್‌ವರೆಗೆ ಮಾತ್ರ ಹಿಂಪಡೆಯಬಹುದು" ಎಂಬ ಸಾಲು ಸೇರಿಸಿ ನೋಡಿದೆ. ಉಳಿದ ಇಪ್ಪತ್ತು ಜನಕ್ಕೂ 250ಕ್ಕಿಂತ ಹೆಚ್ಚು ಸಿಗದು, ಆದ್ದರಿಂದ ನೂರು ಜನ ಹಾಕಿದ 10,000 ಪೌಂಡ್‌ನಲ್ಲಿ ಮರಳುವುದು ಹೆಚ್ಚೆಂದರೆ 5,000. ಈ ಒಂದು ಸಾಲು ಕಂಡರೆ ಉಳಿದ ಅಂಕಣಗಳನ್ನು ತುಂಬುವ ಅಗತ್ಯವೇ ಇಲ್ಲ.

ಡಿಸೆಂಬರ್ 28

ದಾವಣಗೆರೆಯಿಂದ ಅಕ್ಕನ ಮಗ ಒಂದು ಸ್ಕ್ರೀನ್‌ಶಾಟ್ ಕಳುಹಿಸಿದ: 1,000 ರೂಪಾಯಿ ಹಾಕಿದರೆ 5,000 ಬೋನಸ್. ಎರಡನ್ನೂ ಸೇರಿಸಿ 40 ಪಟ್ಟು ಪಣ. ಅಂದರೆ 2,40,000 ರೂಪಾಯಿ, ಅದರ ಶೇ. 4 ಎಂದರೆ 9,600. ಖಾತೆಯಲ್ಲಿ ಇರುವುದೇ 6,000. ಅವನಿಗೆ ಫೋನಿನಲ್ಲಿ ಇಷ್ಟನ್ನೇ ಎರಡು ಸಲ ಹೇಳಿದೆ.

ಆದರೆ ಈ ಸಾಲನ್ನು ಹಾಳೆಗೆ ಸೇರಿಸಿಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಅದರಲ್ಲಿದೆ. ಅಷ್ಟಾದ ಮೇಲೂ ಈ ಸಂದೇಶ ಹುಡುಗರ ಮೊಬೈಲ್‌ಗೆ ಬರುತ್ತಿದೆ ಎಂದರೆ ಕಳುಹಿಸಿದವನು ಯಾವ ಕಾನೂನಿಗೂ ಸಿಗದ ಜಾಗದಲ್ಲಿ ಕುಳಿತಿದ್ದಾನೆ. ಬ್ರಿಟನ್‌ನಲ್ಲಿ ಪರವಾನಗಿ ಪಡೆದ ಕ್ಯಾಸಿನೊ ಹಣ ತಡೆದರೆ ಸ್ವತಂತ್ರ ವಿವಾದ ಪರಿಹಾರ ಸಂಸ್ಥೆಗೆ ಖರ್ಚಿಲ್ಲದೆ ದೂರು ಕೊಡಬಹುದು. ಆ ಸಂದೇಶದ ಆಟದಲ್ಲಿ ಗೆದ್ದರೂ ಹಣ ಕೊಡುವವನು ಯಾರು? ಹಣ ಮರಳುವ ಸಾಧ್ಯತೆಯೇ ಗೊತ್ತಿಲ್ಲದ ಕಡೆ ಆರ್‌ಟಿಪಿ ಶೇ. 96 ಎಂದು ಬರೆಯುವುದು ಸುಳ್ಳು ಬರೆದಂತೆ.

ಜನವರಿ 19, 2026, ಸೋಮವಾರ

ಇಂದಿನಿಂದ ಬ್ರಿಟನ್‌ನಲ್ಲಿ ವೇಜರಿಂಗ್ ಷರತ್ತು 10 ಪಟ್ಟು ಮೀರುವಂತಿಲ್ಲ. ಜೂಜು ಆಯೋಗ ಇದನ್ನು ಕಳೆದ ಮಾರ್ಚ್‌ನಲ್ಲೇ ಪ್ರಕಟಿಸಿತ್ತು. ಡಿಸೆಂಬರ್ 19ಕ್ಕೆ ಬರಬೇಕಿದ್ದದ್ದು ಒಂದು ತಿಂಗಳು ಮುಂದೆ ಹೋಯಿತು. ಸ್ಲಾಟ್, ಕ್ರೀಡಾ ಬೆಟ್ಟಿಂಗ್ ಎಂದು ಎರಡು ಬಗೆಯ ಜೂಜನ್ನು ಒಂದೇ ಬೋನಸ್‌ನಲ್ಲಿ ಬೆಸೆಯುವುದಕ್ಕೂ ತಡೆ ಬಿದ್ದಿದೆ. ಕಚೇರಿಯಿಂದ ಬಂದವನೇ 35 ಇದ್ದ ಕೋಶದಲ್ಲಿ 10 ಬರೆದೆ.

ಅದೇ ಯಂತ್ರ, ಅದೇ 5 ಪೌಂಡ್ ಪಣ, 700ರ ಬದಲು 200 ಸ್ಪಿನ್. ಬರಿದಾಗುವವರು 80ರಿಂದ 59ಕ್ಕೆ ಇಳಿದರು. ಸರಾಸರಿ ಲಾಭ 46ರಿಂದ 74 ಪೌಂಡ್‌ಗೆ ಏರಿತು. 1 ಪೌಂಡ್ ಪಣದಲ್ಲಾದರೆ ಬರಿದಾಗುವವನು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬ. ಈ ಎರಡು ತಿಂಗಳಲ್ಲಿ ಹಾಳೆಯಲ್ಲಿ ಹಸಿರು ಬಣ್ಣ ಬಂದದ್ದು ಇದೇ ಮೊದಲು, ಅದನ್ನು ನೋಡಿ ನಿಜಕ್ಕೂ ಸಂತೋಷವಾಯಿತು. ಒಂದು ಸಂಖ್ಯೆಯನ್ನು ಕಾನೂನು ಬದಲಿಸಿದರೆ ಎಷ್ಟು ಮನೆಗಳ ತಿಂಗಳ ಕೊನೆ ಬದಲಾಗಬಹುದು ಎಂದು ಯೋಚಿಸುತ್ತ ಬಹಳ ಹೊತ್ತು ಕುಳಿತಿದ್ದೆ.

ಜನವರಿ 25

ನವೆಂಬರ್‌ನ ಪ್ರಸ್ತಾವವನ್ನು ಮತ್ತೆ ತೆರೆದೆವು. ಪಟ್ಟು 35ರಿಂದ 10ಕ್ಕೆ ಇಳಿದಿದೆ, ಬೋನಸ್ 100ರಿಂದ 25ಕ್ಕೆ. ಪಣ 250 ಪೌಂಡ್, ಅದರ ಶೇ. 4 ಎಂದರೆ 10, ಉಳಿಯುವುದು 15 ಪೌಂಡ್. ಇದು ಸಾಧಾರಣ, ಆದರೆ ಪ್ರಾಮಾಣಿಕ ಪ್ರಸ್ತಾವ. ಗೆಳೆಯ ಬೇಡ ಎಂದ. ಆ ಹದಿನೈದಕ್ಕಾಗಿ ಮತ್ತೆ ಆ ಬಟನ್ ಒತ್ತುತ್ತ ಕೂರುವ ಮನಸ್ಸಿಲ್ಲ ಎಂದ. ಈ ಉತ್ತರಕ್ಕೆ ನನ್ನ ಹಾಳೆಯಲ್ಲಿ ಅಂಕಣವಿಲ್ಲ, ಆದರೂ ಅದನ್ನು ಇಲ್ಲಿ ಬರೆದಿಡುತ್ತೇನೆ.

ಫೆಬ್ರವರಿ 8

ಈ ವಾರ ಉಚಿತ ಸ್ಪಿನ್‌ಗಳ ಹಾಳೆ. 10 ಪೆನ್ಸ್‌ನ 50 ಉಚಿತ ಸ್ಪಿನ್ ಎಂದರೆ 5 ಪೌಂಡ್ ಪಣ, ಶೇ. 96ರಂತೆ 4.80 ಪೌಂಡ್ ಮರಳುವ ನಿರೀಕ್ಷೆ. ಗೆಲುವಿನ ಮೇಲೆ 10 ಪಟ್ಟು ವೇಜರಿಂಗ್ ಇದ್ದರೆ 48 ಪೌಂಡ್ ಪಣದಲ್ಲಿ 1.92 ಕರಗಿ 2.88 ಉಳಿಯುತ್ತದೆ. ವೇಜರಿಂಗ್ ಇಲ್ಲದ, ಹಣವನ್ನೂ ಕೇಳದ ಒಂದು ಪ್ರಸ್ತಾವ ಸಿಕ್ಕಿತು. ಹಾಳೆಯ ಪ್ರಕಾರ ಇದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಗೆಳೆಯನೂ ಒಪ್ಪಿದ. ಮೇಜಿನ ಬಳಿ ಇಬ್ಬರೂ ಕುಳಿತು ಐವತ್ತನ್ನೂ ಎಣಿಸಿದೆವು: 3 ಪೌಂಡ್ 10 ಪೆನ್ಸ್.

ಹಿಂಪಡೆಯುವ ಬಟನ್ ಬೂದು ಬಣ್ಣಕ್ಕೆ ತಿರುಗಿ ನಿಂತಿತ್ತು. ಕನಿಷ್ಠ ಮೊತ್ತ 10 ಪೌಂಡ್. ಅವನು ಮೊಬೈಲನ್ನು ಬೋರಲು ಹಾಕಿ ಚಹಾ ಇಡಲು ಎದ್ದ. ನಾನು ಹಾಳೆಗೆ "ಕನಿಷ್ಠ ಹಿಂಪಡೆತ" ಎಂಬ ಹದಿನಾಲ್ಕನೆಯ ಅಂಕಣ ಸೇರಿಸಿ, ಹಳೆಯ ಸಾಲುಗಳಿಗೆಲ್ಲ ಅದನ್ನು ತುಂಬತೊಡಗಿದ್ದೇನೆ. ಆರು ಮುಗಿದಿವೆ, ಇನ್ನೂ ಹದಿನೇಳು ಬಾಕಿ ಇವೆ.