ಟ್ರೈಲರ್ ಕೆಲಸ: ನೆಲದ ಕಿರ್ ಸದ್ದಿನ ಮೂಲ ಸಿಕ್ಕಿತು

ಸುಂಟಿಕೊಪ್ಪದ ತೋಟದಲ್ಲಿ ನಿಂತಿರುವ ನಮ್ಮ ಫಿಫ್ತ್ ವೀಲ್ ಟ್ರೈಲರ್‌ನ (ಪಿಕಪ್‌ನ ಹಿಂದಿನ ತೊಟ್ಟಿಯೊಳಗಿನ ಕೊಂಡಿಗೆ ಸಿಕ್ಕಿಸಿ ಎಳೆಯುವ ಮನೆಗಾಡಿ) ಕೆಲಸ ಈ ವಾರ ಚೆನ್ನಾಗಿ ಮುಂದಕ್ಕೆ ಹೋಯಿತು. ಅಡುಗೆ ಕಟ್ಟೆ ಮುಂದೆ ಕಾಲಿಟ್ಟರೆ ಕಿರ್ ಅನ್ನುತ್ತಿತ್ತು. ಮಲಗುವ ಜಾಗಕ್ಕೆ ಹತ್ತುವ ಮೆಟ್ಟಿಲ ಹತ್ತಿರ ಇನ್ನೂ ಜಾಸ್ತಿ. ನೋಡಿದವರೆಲ್ಲ ಪ್ಲೈವುಡ್ ಕಿತ್ತು ಹೊಸದು ಹಾಕಿ ಎಂದರು. ಮಳೆಗಾಲ ಪೂರ್ತಿ ಬಯಲಲ್ಲೇ ನಿಂತಿದ್ದ ಗಾಡಿ, ಕೊಡಗಿನ ಮಳೆ ಗೊತ್ತಲ್ವಾ, ಪ್ಲೈ ಮೇಲೆ ಅನುಮಾನ ಬಂದೇ ಬರುತ್ತದೆ.

ಹಾಗಾಗಿ ಮೊದಲು ಅದನ್ನೇ ನೋಡಿದೆ. ವಿನೈಲ್ ಶೀಟಿನ ಅಂಚು ಎತ್ತಿ ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಚುಚ್ಚಿದೆ. ಕೊಳೆತಿದ್ದರೆ ತುದಿ ಮೆತ್ತಗೆ ಇಳಿಯಬೇಕು. ಚಕ್ರದ ಮೇಲ್ಭಾಗದಲ್ಲಿ ಅಂಗೈ ಅಗಲ ಪದರ ಬಿಟ್ಟಿದೆ, ಮಿಕ್ಕಿದ್ದೆಲ್ಲ ಗಟ್ಟಿ. 18 ಎಂಎಂ ಮರೈನ್ ಪ್ಲೈ, ಅದರ ಗುಣಮಟ್ಟದ ಐಎಸ್ 710 ಮುದ್ರೆ ಇನ್ನೂ ಓದಲು ಬರುತ್ತದೆ.

ದಾರಿ ತೋರಿಸಿದ್ದು ಬೇರೆಯೇ ಒಂದು ಸಂಗತಿ. ಪಿಕಪ್‌ಗೆ ಸಿಕ್ಕಿಸಿ ನಿಲ್ಲಿಸಿದಾಗ ಮೆಟ್ಟಿಲ ಹತ್ತಿರ ಜೋರಾಗಿ ಕಿರುಗುಟ್ಟುವ ನೆಲ, ಮುಂಗಾಲು (ಟ್ರೈಲರ್‌ನ ಮುಂದಿನ ಆಧಾರದ ಕಾಲು) ಇಳಿಸಿ ಪಿಕಪ್ ಬಿಚ್ಚಿದ ಮೇಲೆ ಹೆಚ್ಚುಕಡಿಮೆ ಸುಮ್ಮನಾಗುತ್ತಿತ್ತು. ಅದೇ ಪ್ಲೈ, ಅದೇ ಸ್ಕ್ರೂ, ನಡೆಯುವವನೂ ನಾನೇ. ಬದಲಾಗಿದ್ದು ಭಾರ ಕೂರುವ ಜಾಗ ಮಾತ್ರ. ಅಂದರೆ ಅಲುಗಾಡುತ್ತಿರುವುದು ಚಾಸಿ, ನೆಲದ ಕೆಳಗಿನ ಉಕ್ಕಿನ ಚೌಕಟ್ಟು.

ಫಿಫ್ತ್ ವೀಲ್‌ನಲ್ಲಿ ಸಾಮಾನ್ಯವಾಗಿ ಒಟ್ಟು ತೂಕದ 15ರಿಂದ 25 ಶೇಕಡಾ ಕಿಂಗ್ ಪಿನ್ (ಪಿಕಪ್‌ನ ಕೊಂಡಿಗೆ ಸಿಕ್ಕುವ ಗೂಟ) ಮೇಲೆ ಕೂರುತ್ತದೆ. ಆ ಭಾರವೆಲ್ಲ ಪಿಕಪ್ ಮೇಲಕ್ಕೆ ಚಾಚಿದ, ಬಾಗಿದ ಕತ್ತಿನ ಮೂಲಕವೇ ಮುಖ್ಯ ಬೀಮ್‌ಗಳಿಗೆ ಹೋಗಬೇಕು. ಸಂಪಾಜೆ ಘಾಟಿಯ ತಿರುವುಗಳಲ್ಲಿ, ಗುಂಡಿ ಬಿದ್ದ ತೋಟದ ದಾರಿಯಲ್ಲಿ ಕತ್ತು ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ ಕೂಡ. ಬಾಗಿಲೂ ಅದನ್ನೇ ಹೇಳುತ್ತಿತ್ತು: ಪಿಕಪ್‌ಗೆ ಸಿಕ್ಕಿಸಿದಾಗ ಮೇಲಿನ ಮೂಲೆ ಚೌಕಟ್ಟಿಗೆ ಉಜ್ಜುತ್ತದೆ, ಬಿಚ್ಚಿದರೆ ಸಲೀಸು.

ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಬೀಮ್ ಕೆಳಗೆ ಸ್ಟ್ಯಾಂಡ್ ಇಟ್ಟು ಗಾಡಿಯ ಅಡಿಗೆ ನುಗ್ಗಿದೆ. ಕತ್ತು ಕೆಳಕ್ಕೆ ಇಳಿಯುವ ಒಳಮೂಲೆಯಲ್ಲಿ, ಸರಿಯಾಗಿ ವೆಲ್ಡಿಂಗ್ ಮುಗಿಯುವಲ್ಲಿ, ಕೂದಲೆಳೆಯಷ್ಟು ತುಕ್ಕಿನ ಗೆರೆ. ವೈರ್ ಬ್ರಶ್‌ನಿಂದ ಉಜ್ಜಿ, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಸ್ಪ್ರೇ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಒಳಗುಳಿದ ಡೈಯನ್ನು ಹೊರಕ್ಕೆಳೆಯುವ ಬಿಳಿ ಡೆವಲಪರ್ ಹೊಡೆದೆ. ಬಿಳಿ ಪುಡಿ ಒಣಗುತ್ತಿದ್ದಂತೆ ಕೆಂಪು ಗೆರೆ ನಿಧಾನಕ್ಕೆ ಮೇಲೆದ್ದಿತು. ಬಲಗಡೆ ಬೆರಳುದ್ದ, ಎಡಗಡೆ ಏನೂ ಇಲ್ಲ. ಇಂಥ ಬಿರುಕು ಹುಡುಕುವವರು ಟ್ರೈಲರನ್ನು ಪಿಕಪ್‌ಗೆ ಸಿಕ್ಕಿಸಿಯೇ ನೋಡಿ. ಬಿಚ್ಚಿ ಮುಂಗಾಲಿನ ಮೇಲೆ ನಿಲ್ಲಿಸಿದರೆ ಕತ್ತಿನ ತೂಕಕ್ಕೇ ಆ ಮೂಲೆ ಒತ್ತಿಕೊಂಡು ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ.

ಸದ್ದಿನ ಕಥೆಯೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಬೀಮ್ ಬಾಗಿದಾಗ ಪ್ಲೈ ಹೊತ್ತ ಅಡ್ಡಪಟ್ಟಿ ಕೆಳಗೆ ಜಾರುತ್ತದೆ, ಪ್ಲೈ ಅಷ್ಟು ಬಾಗುವುದಿಲ್ಲ, ನಡುವೆ ಸಿಕ್ಕಿದ ಸ್ಕ್ರೂ ತನ್ನ ತೂತಿನಲ್ಲೇ ಉಜ್ಜಾಡುತ್ತದೆ. ಹೊಸ ಪ್ಲೈ ಹಾಕಿದ್ದರೂ ಒಂದೆರಡು ಸಲ ಘಾಟಿ ಇಳಿದು ಹತ್ತುವಷ್ಟರಲ್ಲಿ ಅದೂ ಹೀಗೇ ಆಗುತ್ತಿತ್ತು.

ಕುಶಾಲನಗರದಿಂದ ವೆಲ್ಡರ್ ಬರುತ್ತಾರೆ. ಬಿರುಕಿನ ತುದಿಗೆ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದೆ. ಆಮೇಲೆ ಗ್ರೈಂಡರ್‌ನಿಂದ ವಿ ಆಕಾರದಲ್ಲಿ ಕೆರೆದು ತುಂಬಿಸಿ, ಎರಡೂ ಬದಿಗೆ ತುದಿ ಚೂಪಾದ ಪ್ಲೇಟ್. ಬೀಮ್‌ನ ಕೆಳಪಟ್ಟಿಗೆ ಅಡ್ಡಲಾಗಿ ವೆಲ್ಡ್ ಎಳೆಯಬಾರದು ಎಂದು ಅವರಿಗೆ ಈಗಲೇ ಹೇಳಿಟ್ಟಿದ್ದೇನೆ, ಎಳೆತ ಬೀಳುವ ಜಾಗ ಅದು, ಅಲ್ಲಿಂದಲೇ ಹೊಸ ಬಿರುಕು ಶುರುವಾಗುತ್ತದೆ. ಅಷ್ಟರೊಳಗೆ ಆ ಭಾಗದ ಪ್ಲೈ ಮತ್ತು ಫೋಮ್ ತೆಗೆದು, ಬ್ಯಾಟರಿ ಬಿಚ್ಚಿಡುವುದು ನನ್ನ ಪಾಲಿನ ಕೆಲಸ.

ಪ್ಲೈ ವಾಪಸ್ ಕೂರಿಸುವಾಗ ಅಡ್ಡಪಟ್ಟಿ ಮೇಲೆ ಪಿಯು (ಪಾಲಿಯುರಿಥೇನ್) ಸೀಲೆಂಟ್ ಎಳೆದು, ಸ್ಕ್ರೂ ಬದಲು ಬೋಲ್ಟ್ ಹಾಕುತ್ತೇನೆ. ಜೂನ್ ಮಳೆ ಹಿಡಿಯುವುದರೊಳಗೆ ಸಾಮಾನು ತುಂಬಿ ಸಂಪಾಜೆವರೆಗೆ ಹೋಗಿಬಂದು ಮತ್ತೊಮ್ಮೆ ಡೈ ಹಾಕಿ ನೋಡಬೇಕು. ಆ ಮೂಲೆಗೆ ಬಿಳಿ ಪೇಂಟೇ ಹೊಡೆಯುತ್ತೇನೆ, ಮತ್ತೆ ಬಿರುಕು ಬಿಟ್ಟರೆ ತುಕ್ಕಿನ ಗೆರೆ ಎದ್ದು ಕಾಣಲಿ.